ಕ್ರೂಸ್ ಹಡಗಿನ ಮೇಲೆ ಸ್ಥಳೀಯ ಕುಣಿತ, ಅಡುಗೆ, ಕೈಕಸುಬು: ಮೊದಲೇ ಏನೇನು ಸರಿಮಾಡಿಕೊಳ್ಳಬೇಕು?

ದಕ್ಕೆಮನೆ (ಪ್ರಶ್ನೆ)

ಒಂದೇ ದಿನಕ್ಕೆ ಬಂದರಿಗೆ ಬಂದು ಹೋಗುವ ಕ್ರೂಸ್ ಹಡಗು ಅಂದುಕೊಳ್ಳಿ. ಪ್ರಯಾಣಿಕರು 2,500. ಬೆಳಗ್ಗೆ 8ಕ್ಕೆ ಹಗ್ಗ ಕಟ್ಟಿದರೆ ಸಂಜೆ 6ಕ್ಕೆ ಬಿಚ್ಚುತ್ತಾರೆ. ಅಷ್ಟರೊಳಗೆ ಆ ಬಂದರಿನ ನೆಲದ ಕುಣಿತ, ವಾದ್ಯ, ಊಟ, ಕೈಕಸುಬು ಎಲ್ಲವನ್ನೂ ಹಡಗಿನ ಮೇಲೆಯೇ ತೋರಿಸಬೇಕು ಎಂಬುದು ಯೋಜನೆ. ಹಡಗಿನ ಕಡೆಯಿಂದ ಬಂದಿರುವುದು "ಪ್ರಸ್ತಾವ ಕಳಿಸಿ" ಎಂಬ ಒಂದು ಸಾಲು ಮಾತ್ರ.

ಸದ್ಯಕ್ಕೆ ಕಾಗದದ ಮೇಲಿರುವುದು ಇಷ್ಟು:

ತಂಡದಲ್ಲಿ 14 ಜನ. ಚರ್ಮವಾದ್ಯವೇ ಪ್ರಧಾನ. ವೇಷದಲ್ಲಿ ಗರಿ ಇದೆ, ಒಣಹುಲ್ಲೂ ಇದೆ. ಒಂದು ಭಾಗದಲ್ಲಿ ಪಂಜು ಹಿಡಿದು ಕುಣಿಯುತ್ತಾರೆ. ಪೂರ್ತಿ ಪ್ರದರ್ಶನ 90 ನಿಮಿಷ.

ಅಡುಗೆಗೆ ಸ್ಥಳೀಯ ಬಾಣಸಿಗರು ಮೂವರು, ತಿನಿಸೂ ಮೂರು: ಹುಳಿಯಲ್ಲಿ ನೆನೆಸಿದ ಹಸಿ ಮೀನು, ಮಣ್ಣಿನ ಪಾತ್ರೆಯಲ್ಲಿ ತಾಸುಗಟ್ಟಲೆ ಬೇಯಿಸಿದ ಮಾಂಸ, ಎಣ್ಣೆಯಲ್ಲಿ ಕರಿದದ್ದೊಂದು. ಈಜುಕೊಳದ ಡೆಕ್ಕಿನಲ್ಲಿ ಒಲೆ ಹೂಡಿ ಜನರ ಎದುರಿಗೇ ಮಾಡುವ ಆಲೋಚನೆ.

ಜೊತೆಗೆ ನಾಲ್ವರು ಕುಶಲಕರ್ಮಿಗಳು ಕುಳಿತು ಕೆಲಸ ತೋರಿಸಿ ಮಾರುತ್ತಾರೆ.

ಇದರಲ್ಲಿ ಎಷ್ಟು ನಡೆಯುತ್ತದೆ, ಎಷ್ಟು ನಡೆಯುವುದಿಲ್ಲ? ಗೊತ್ತಿರುವವರು ಬಿಡಿಸಿ ಹೇಳಿ. "ಹಡಗಿನವರನ್ನೇ ಕೇಳಿ" ಅನ್ನಬೇಡಿ. ಏನು ಕೇಳಬೇಕು ಎಂಬುದೇ ಪ್ರಶ್ನೆ.

ಗ್ಯಾಂಗ್‌ವೇ

ಮೊದಲು ಸಮಯ ಮತ್ತು ಪ್ರವೇಶ. ಬಹಳಷ್ಟು ಯೋಜನೆಗಳು ಕಲೆಯ ತನಕ ಹೋಗುವುದೇ ಇಲ್ಲ, ಗೇಟಿನಲ್ಲೇ ಬೀಳುತ್ತವೆ.

ಸಂಜೆ 6ಕ್ಕೆ ಬಿಡುವ ಹಡಗಿನಲ್ಲಿ ಪ್ರಯಾಣಿಕರೆಲ್ಲ ಒಳಗಿರಬೇಕಾದ ಸಮಯ ಸಾಮಾನ್ಯವಾಗಿ 5:30. ಹಗಲಿಡೀ ಅರ್ಧಕ್ಕರ್ಧ ಜನ ಊರು ನೋಡಲು ಹೋಗಿರುತ್ತಾರೆ. ಬೆಳಗ್ಗೆ 11ಕ್ಕೆ ಪ್ರದರ್ಶನವಿಟ್ಟರೆ ಖಾಲಿ ಕುರ್ಚಿಗಳ ಮುಂದೆ ಕುಣಿಯಬೇಕಾಗುತ್ತದೆ. 5ರ ಮೇಲೆ ಇಟ್ಟರೆ ತಂಡ ಇಳಿಯಲು ಸಮಯವಿಲ್ಲ. ಉಳಿಯುವುದು 4:15ರಿಂದ 5ರವರೆಗಿನ ಮುಕ್ಕಾಲು ಗಂಟೆ. ಅಲ್ಲಿಂದ ಹಿಂದಕ್ಕೆ ಎಣಿಸಿ: 3:45ಕ್ಕೆ ಬಾಗಿಲು ತೆರೆಯಬೇಕು, 2:45ರಿಂದ 3:30 ಧ್ವನಿ ಪರೀಕ್ಷೆ, 1:45ಕ್ಕೆ ವೇಷ ಶುರು, 1 ಗಂಟೆಗೆ ಹಡಗು ಹತ್ತಬೇಕು, 12:15ಕ್ಕೆ ಬಂದರಿನ ಗೇಟಿನಲ್ಲಿರಬೇಕು. 5ಕ್ಕೆ ಮುಗಿದರೆ ಅರ್ಧ ಗಂಟೆಯಲ್ಲಿ ವಾದ್ಯ ಕಟ್ಟಿ ಇಳಿಯಬೇಕು; ಬಣ್ಣ ತೊಳೆಯುವುದು, ವೇಷ ಬಿಚ್ಚುವುದು ಕೆಳಗೆ ಬಸ್ಸಿನಲ್ಲಿ. ಹಡಗು ರಾತ್ರಿ 10ಕ್ಕೆ ಬಿಡುವ ದಿನ, ಅಥವಾ ರಾತ್ರಿ ತಂಗುವ ದಿನ ಸಿಕ್ಕರೆ ಅದನ್ನೇ ಹಿಡಿಯಿರಿ. ನಿಮ್ಮ ಪ್ರಸ್ತಾವದ ಮೊದಲ ಪ್ರಶ್ನೆ ಇದೇ ಆಗಿರಲಿ.

ಎರಡು ಬಗೆಯ ದಿನಕ್ಕೆ ಒಪ್ಪಿಕೊಳ್ಳಲೇಬೇಡಿ. ಒಂದು, ಪ್ರಯಾಣಿಕರು ಇಳಿದು ಹೊಸಬರು ಹತ್ತುವ ದಿನ. ಅವತ್ತು ಸಾಮಾನು, ಸೂಟ್‌ಕೇಸು, ದಿನಸಿ ಎಲ್ಲ ಒಟ್ಟಿಗೆ ಒಳಗೆ ನುಗ್ಗುತ್ತಿರುತ್ತವೆ. ಹೊಸ ಪ್ರಯಾಣಿಕರು ತಮ್ಮ ಕ್ಯಾಬಿನ್ ಹುಡುಕುವುದರಲ್ಲಿರುತ್ತಾರೆ. ಎರಡು, ಹಡಗು ದಕ್ಕೆಗೆ ಬಾರದೆ ದೂರದಲ್ಲಿ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ತರುವ ಬಂದರು. ಅಲೆ ಸ್ವಲ್ಪ ಎದ್ದರೂ ದೋಣಿ ನಿಲ್ಲುತ್ತದೆ. ನಿಮ್ಮ ನಗಾರಿ ದಡದಲ್ಲೇ ಉಳಿಯುತ್ತದೆ; ಅಥವಾ ಅದಕ್ಕಿಂತ ಕೆಟ್ಟದ್ದು, ನಗಾರಿ ಹಡಗಿನಲ್ಲಿ, ನೀವು ದಡದಲ್ಲಿ.

ಹೆಸರುಪಟ್ಟಿ. 2004ರ ಜುಲೈ 1ರಿಂದ ಐಎಸ್‌ಪಿಎಸ್ ಎಂಬ, ಹಡಗು ಮತ್ತು ಬಂದರುಗಳ ಅಂತರರಾಷ್ಟ್ರೀಯ ಭದ್ರತಾ ಸಂಹಿತೆ ಜಾರಿಯಲ್ಲಿದೆ, ಹಡಗು ಹತ್ತುವ ಪ್ರತಿ ಹೊರಗಿನವರಿಗೂ ಅನ್ವಯ. ಬಂದರಿನ ಏಜೆಂಟರ ಮೂಲಕ ಸಾಮಾನ್ಯವಾಗಿ 48ರಿಂದ 72 ಗಂಟೆ ಮೊದಲೇ ಪಟ್ಟಿ ಹೋಗಬೇಕು. ಗುರುತಿನ ಪತ್ರದಲ್ಲಿರುವ ಹೆಸರು, ಅದೇ ಕಾಗುಣಿತ. ವೇದಿಕೆಯ ಹೆಸರು ಬರೆದರೆ ಗೇಟಿನಲ್ಲಿ ನಿಲ್ಲಬೇಕಾದೀತು. 14 ಜನ ಬರುವುದಾದರೆ 17 ಹೆಸರು ಕೊಡಿ, ಕೊನೆಗಳಿಗೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಹೊಸ ಹೆಸರು ಸೇರಿಸುವುದು ಕಷ್ಟ. ಕತ್ತಿ, ಈಟಿ, ಬಿಲ್ಲು ಮರದ್ದೇ ಆಗಿದ್ದರೂ ಫೋಟೊ ಮತ್ತು ಉದ್ದದ ಅಳತೆ ಸಮೇತ ಭದ್ರತಾ ಅಧಿಕಾರಿಗೆ ಮೊದಲೇ ಹೋಗಲಿ. ಬಾಣಸಿಗರ ಚಾಕುವಿಗೂ ಇದೇ ಮಾತು. ಹಡಗಿನ ಚಾಕುವನ್ನೇ ಬಳಸುವುದು ನೆಮ್ಮದಿ. ದೊಡ್ಡ ವಾದ್ಯ ಗ್ಯಾಂಗ್‌ವೇಯ (ಹಡಗು ಹತ್ತುವ ಸೇತುವೆಯ) ಎಕ್ಸ್‌ರೇ ಯಂತ್ರದ ಬಾಯಿಯಲ್ಲಿ ಹಿಡಿಸುವುದಿಲ್ಲ. ಅದು ದಿನಸಿ ಬಾಗಿಲಿನಿಂದ ಹೋಗಬೇಕು, ಆ ಬಾಗಿಲು ಎಷ್ಟು ಹೊತ್ತಿಗೆ ತೆರೆದಿರುತ್ತದೆ ಎಂದು ಕೇಳಿಟ್ಟುಕೊಳ್ಳಿ.

ತಂಡ ಮುಂದಿನ ಬಂದರಿನ ತನಕ ಹಡಗಿನಲ್ಲೇ ಹೋಗುವುದಾದರೆ ಕಥೆಯೇ ಬೇರೆ. ಕ್ಯಾಬಿನ್ ಬೇಕು, ಮುಂದಿನ ದೇಶದ ವೀಸಾ ಬೇಕು, ಹಡಗು ಬಿಡುವ ಮೊದಲು ಅಥವಾ ಬಿಟ್ಟ ಕೂಡಲೇ ಸುರಕ್ಷತಾ ಕವಾಯತಿಗೆ ಹಾಜರಾಗಲೇಬೇಕು. (2012ರಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿದ ಮೇಲೆ ಈ ನಿಯಮ ಬಿಗಿಯಾಯಿತು.) ತಿಂಗಳುಗಟ್ಟಲೆ ಕರಾರಿನ ಮೇಲೆ ಸೇರಿದರೆ ಕಲಾವಿದರು ನಾವಿಕರ ಲೆಕ್ಕಕ್ಕೇ ಬರುವುದು ಸಾಮಾನ್ಯ: ವೈದ್ಯಕೀಯ ಪ್ರಮಾಣಪತ್ರ, ಮೂಲ ಸುರಕ್ಷತಾ ತರಬೇತಿ, ಮತ್ತು 2013ರ ಆಗಸ್ಟ್ 20ರಿಂದ ಜಾರಿಯಲ್ಲಿರುವ ಕಡಲ ಕಾರ್ಮಿಕ ಒಪ್ಪಂದದ ಪ್ರಕಾರ 24 ಗಂಟೆಗೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ. ಈ ಕೊನೆಯದನ್ನು ಕರಾರಿನಲ್ಲಿ ಓದಿ ನೋಡಿ. ದಿನಕ್ಕೆ ಎರಡು ಪ್ರದರ್ಶನ, ಮಧ್ಯಾಹ್ನ ಕುಣಿತದ ಪಾಠ, ಬೆಳಗ್ಗೆ ಸ್ವಾಗತಕ್ಕೆ ವೇಷ ಹಾಕಿ ನಿಲ್ಲುವುದು ಎಂದು ಕೆಲಸ ಮೆಲ್ಲಗೆ ಬೆಳೆಯುತ್ತಾ ಹೋಗುತ್ತದೆ.

ರಂಗದ ಹಿಂದೆ

ಪಂಜು ಇಲ್ಲ. ಅದರ ಬಗ್ಗೆ ಚೌಕಾಸಿಯೂ ಇಲ್ಲ. ನಡುಕಡಲಿನಲ್ಲಿ ಹಡಗಿಗೆ ಬೆಂಕಿ ಬಿದ್ದರೆ ಅಗ್ನಿಶಾಮಕ ದಳ ಹೊರಗಿನಿಂದ ಬರುವುದಿಲ್ಲ, ಇರುವ ಸಿಬ್ಬಂದಿಯೇ ಆರಿಸಬೇಕು. ಧೂಪದ ಹೊಗೆಯೂ ಸೆನ್ಸರನ್ನು ಎಬ್ಬಿಸುತ್ತದೆ. ಹೊಗೆಯಂತ್ರ ಬೇಕಿದ್ದರೆ ಸ್ಟೇಜ್ ಮ್ಯಾನೇಜರ್ ಬ್ರಿಡ್ಜಿಗೆ (ಹಡಗು ನಡೆಸುವ ಕೋಣೆಗೆ) ತಿಳಿಸಿ ಆ ವಲಯದ ಸೆನ್ಸರನ್ನು ತಾತ್ಕಾಲಿಕವಾಗಿ ಬೇರ್ಪಡಿಸಬೇಕು, ಅಲ್ಲಿಯವರೆಗೆ ಕಾವಲಿಗೊಬ್ಬರು ನಿಲ್ಲಬೇಕು. ಪಂಜಿನ ಬದಲು ಬ್ಯಾಟರಿಯ ಎಲ್‌ಇಡಿ ಪಂಜು ತರುವುದಾದರೆ 2200 ಕೆಲ್ವಿನ್ ಆಸುಪಾಸಿನ ಕೆಂಪುಹಳದಿ ಬೆಳಕಿನದ್ದು ತನ್ನಿ, ಬಿಳಿ ಬೆಳಕಿನದು ಟಾರ್ಚು ಹಿಡಿದು ಕುಣಿದಂತೆ ಕಾಣುತ್ತದೆ. ಸುತ್ತಲಿನ ದೀಪ ತಗ್ಗಿಸಿದರೆ ಅರ್ಧ ಕೆಲಸ ಆದಂತೆ.

ಒಣಹುಲ್ಲಿನ ವೇಷಕ್ಕೆ ಬೆಂಕಿನಿರೋಧಕ ದ್ರಾವಣ ಸಿಂಪಡಿಸಿರಬೇಕು, ಯಾವ ದ್ರಾವಣ, ಯಾವತ್ತು ಹಾಕಿದ್ದು ಎಂಬ ದಾಖಲೆ ಇರಬೇಕು. ನೀರಲ್ಲಿ ಕರಗುವ ಜಾತಿಯ ದ್ರಾವಣ ಬೆವರಿಗೂ ತೊಳೆತಕ್ಕೂ ಹೋಗುತ್ತದೆ. ಪ್ರತಿ ತೊಳೆತದ ಮೇಲೆ ಮತ್ತೆ ಹಾಕಿ.

ವೇದಿಕೆಯ ಎತ್ತರ ಕೇಳುವಾಗ ಚಾವಣಿಯ ಎತ್ತರ ಕೇಳಬೇಡಿ, ಅತಿ ಕೆಳಗೆ ತೂಗುವ ದೀಪದ ಎತ್ತರ ಕೇಳಿ. ಮುಖ್ಯ ಥಿಯೇಟರ್ ಆದರೆ ಚಿಂತೆಯಿಲ್ಲ. ಲೌಂಜ್ ಕೊಟ್ಟರೆ ಚಾವಣಿ 3 ಮೀಟರಿಗಿಂತ ತಗ್ಗಿರುವುದುಂಟು. ಕುಣಿಯುವವರ ಎತ್ತರ, ಕಿರೀಟದ ಎತ್ತರ, ನೆಗೆತದ ಎತ್ತರ ಮೂರನ್ನೂ ಕೂಡಿಸಿ 30 ಸೆಂಟಿಮೀಟರ್ ಮಿಕ್ಕಬೇಕು.

ಚಲನೆಯ ವಿಷಯ. ಬಹಳ ಹಡಗುಗಳಲ್ಲಿ ದೊಡ್ಡ ಥಿಯೇಟರ್ ಮೂತಿಯ ಕಡೆಗಿರುತ್ತದೆ. ಅಲೆಯಲ್ಲಿ ಮೇಲೆ ಕೆಳಗೆ ಏಳುಬೀಳು ಹೆಚ್ಚಿರುವುದೂ ಅಲ್ಲೇ. ದಕ್ಕೆಯಲ್ಲಿ ಕಟ್ಟಿದಾಗ ಪರವಾಗಿಲ್ಲ, ಕಡಲಿಗಿಳಿದ ಮೇಲೆ ನೆಗೆದವರ ಕಾಲಿಗೆ ನೆಲ ಅರ್ಧ ಕ್ಷಣ ಮೊದಲೋ ಆಮೇಲೋ ಸಿಗುತ್ತದೆ. ಮೊಣಕಾಲು, ಕೀಲು ಹೋಗುವುದು ಇಲ್ಲೇ. ಆದ್ದರಿಂದ ಪ್ರದರ್ಶನದ ಎರಡು ರೂಪ ಸಿದ್ಧವಿಟ್ಟುಕೊಳ್ಳಿ: ಒಂದು ಪೂರ್ತಿ, ಇನ್ನೊಂದು ಮರಗಾಲು, ತಲೆಮೇಲಿನ ಕೊಡ, ಒಬ್ಬರ ಮೇಲೊಬ್ಬರು ಹತ್ತುವುದು ಇಲ್ಲದ್ದು. ಯಾವುದು ಎಂದು ನಿರ್ಧರಿಸುವುದು ಸ್ಟೇಜ್ ಮ್ಯಾನೇಜರ್, ತಂಡದ ಹಿರಿಯರಲ್ಲ. ಇದನ್ನು ಮೊದಲೇ ಒಪ್ಪಿಕೊಂಡರೆ ಪರದೆಯ ಹಿಂದೆ ಜಗಳ ತಪ್ಪುತ್ತದೆ. ಸಾಗುವಾಗ ಪ್ರದರ್ಶನವಿದ್ದರೆ ಹಡಗಿನ ನಡುಭಾಗದ, ಕೆಳ ಅಂತಸ್ತಿನ ಅಂಗಳ ಕೇಳಿ.

ತೆರೆದ ಡೆಕ್ಕು ಫೋಟೊದಲ್ಲಿ ಚೆಂದ. ಹಡಗು 20 ನಾಟ್ ವೇಗದಲ್ಲಿದ್ದರೆ ಗಾಳಿಯೇ ಇಲ್ಲದ ದಿನವೂ 37 ಕಿಲೋಮೀಟರ್ ವೇಗದ ಗಾಳಿ ಎದುರಿಗೆ ಬಂದಂತೆ. ಗರಿಯ ಕಿರೀಟ ಪಟದಂತೆ ಎಳೆಯುತ್ತದೆ, ಮೈಕಿನಲ್ಲಿ ಬರೀ ಗಾಳಿ ಕೇಳುತ್ತದೆ. ನಿಂತ ಹಡಗಿನಲ್ಲಿ ಬೇರೆ ಸಮಸ್ಯೆ: ಮಧ್ಯಾಹ್ನದ ಬಿಸಿಲಿಗೆ ಕಾದ ಡೆಕ್ಕಿನ ಮೇಲೆ ಬರಿಗಾಲು. ನಾಲ್ಕು ಗಂಟೆಗೆ ಶುರುವಾಗುವ ಪ್ರದರ್ಶನಕ್ಕೆ ಎರಡು ಗಂಟೆಯಿಂದಲೇ ನೆರಳು ಬಟ್ಟೆ ಬೇಕು.

ಎಸೆಯುವ ವಸ್ತು ಯಾವುದೂ ಬೇಡ. ಹೂವಿನ ಎಸಳು, ಧಾನ್ಯ, ಬಣ್ಣದ ಪುಡಿ ಇವು ಜಾರಿಸುತ್ತವೆ, ನೀರು ಹರಿಯುವ ಕಿಂಡಿ ಕಟ್ಟಿಸುತ್ತವೆ. ಕಡಲಿಗೆ ಬಿದ್ದರೆ ಕಸ ಎಸೆದ ಲೆಕ್ಕ. 2013ರ ಜನವರಿ 1ರಿಂದ ಮಾರ್ಪೋಲ್ (ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ) ಐದನೇ ಅನುಬಂಧದ ಪ್ರಕಾರ ಕಡಲಿಗೆ ಕಸ ಹಾಕುವುದಕ್ಕೆ ಕೆಲವೇ ವಿನಾಯಿತಿ ಬಿಟ್ಟು ಪೂರ್ತಿ ನಿಷೇಧ.

ವಿದ್ಯುತ್ತು: ಹಡಗುಗಳಲ್ಲಿ ಸಾಮಾನ್ಯವಾಗಿ 60 ಹರ್ಟ್ಸ್. 50 ಹರ್ಟ್ಸ್‌ಗೆ ಮಾಡಿದ, ಸಿಂಕ್ರೊನಸ್ ಮೋಟರಿನ ಹಳೆಯ ಉಪಕರಣ ಅಲ್ಲಿ 1.2 ಪಟ್ಟು ವೇಗದಲ್ಲಿ ತಿರುಗುತ್ತದೆ. ಚಾರ್ಜರ್ ಮಾದರಿಯ ಅಡಾಪ್ಟರಿದ್ದರೆ ತೊಂದರೆ ಇಲ್ಲ. ನಿಮ್ಮದೇ ವೈರ್‌ಲೆಸ್ ಮೈಕು ತರಬೇಡಿ, ಹಡಗಿನದ್ದನ್ನೇ ಕೇಳಿ; ಉಕ್ಕಿನ ಗೋಡೆಗಳ ನಡುವೆ ತರಂಗಾಂತರ ಹೊಂದಿಸುವುದು ಅಲ್ಲಿನವರಿಗೆ ಮಾತ್ರ ಗೊತ್ತು. ಯಾವ ವಾದ್ಯ, ಎಷ್ಟು ಮೈಕು, ಯಾರು ಎಲ್ಲಿ ಕೂರುತ್ತಾರೆ ಎಂಬ ಒಂದು ಪುಟದ ನಕ್ಷೆ ಎರಡು ವಾರ ಮೊದಲೇ ಕಳಿಸಿ. ಏಸಿಯ ಒಣಗಾಳಿಯಲ್ಲಿ ಚರ್ಮ ಬಿಗಿದು ಶ್ರುತಿ ಏರುತ್ತದೆ, ಡೆಕ್ಕಿನ ತೇವದಲ್ಲಿ ಇಳಿಯುತ್ತದೆ. ವಾದ್ಯವನ್ನು ಪ್ರದರ್ಶನದ ಜಾಗದಲ್ಲೇ ಕನಿಷ್ಠ ಒಂದು ಗಂಟೆ ಇಟ್ಟು ಆಮೇಲೆ ಶ್ರುತಿ ಮಾಡಿ.

90 ನಿಮಿಷ ಮರೆತುಬಿಡಿ. 45.

ಗ್ಯಾಲಿ ಲೆಕ್ಕ

ಊಟದ ವಿಷಯದಲ್ಲಿ ಒಂದು ಮಾತು ಮೊದಲೇ ಇರಲಿ: ಹೊರಗೆ ಬೇಯಿಸಿದ್ದು ಹಡಗಿನೊಳಗೆ ಬರುವುದಿಲ್ಲ. ಮನೆಯಲ್ಲಿ ಮಾಡಿದ ಉಪ್ಪಿನಕಾಯಿ ಬಾಟಲಿಯೂ ಬರುವುದಿಲ್ಲ. ಇದು ಅವಮಾನವಲ್ಲ, ಅಂಕದ ವಿಷಯ. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳನ್ನು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ನೈರ್ಮಲ್ಯ ತಂಡ ಮುನ್ಸೂಚನೆಯಿಲ್ಲದೆ ತಪಾಸಣೆ ಮಾಡುತ್ತದೆ. 100ಕ್ಕೆ 86 ಬಂದರೆ ಪಾಸು, 85 ಬಂದರೆ ಫೇಲು, ಅಂಕ ಎಲ್ಲರಿಗೂ ಕಾಣುವಂತೆ ಪ್ರಕಟವಾಗುತ್ತದೆ. ಅಂಥ ಹಡಗಿನ ಗ್ಯಾಲಿ (ಅಡುಗೆಮನೆ) ಸಾಮಾನ್ಯವಾಗಿ ಬೇರೆ ಸಮುದ್ರದಲ್ಲಿದ್ದಾಗಲೂ ಅದೇ ಶಿಸ್ತಿನಲ್ಲಿ ನಡೆಯುತ್ತದೆ.

ಹಾಗಾದರೆ ದಾರಿ? ನಿಮ್ಮ ಬಾಣಸಿಗರು ಬೇಯಿಸುವವರಲ್ಲ, ಕಲಿಸುವವರು. ಬೇಯಿಸುವುದು ಹಡಗಿನ ಬಾಣಸಿಗರೇ, ಅವರ ಗ್ಯಾಲಿಯಲ್ಲೇ. ಡೆಕ್ಕಿನ ಮೇಲೆ ನಿಮ್ಮವರು ಕೊನೆಯ ಹಂತ ಮಾತ್ರ ತೋರಿಸುತ್ತಾರೆ: ಕಲಸುವುದು, ಒಗ್ಗರಣೆಯ ಪರಿಮಳ ಏಳಿಸುವುದು, ಬಡಿಸುವುದು. ಅದಕ್ಕೂ ಬಿಳಿ ಕೋಟು, ಟೋಪಿ, ಕೈಗವಸು, ಮತ್ತು ಕಳೆದ 48 ಗಂಟೆಯಲ್ಲಿ ವಾಂತಿಭೇದಿ ಆಗಿಲ್ಲವೆಂಬ ಬರವಣಿಗೆ ಬೇಕು.

ಈಗ ಲೆಕ್ಕ. 2,500 ಜನರಲ್ಲಿ ಶೇ 30ರಷ್ಟು ಒಂದು ತಿನಿಸನ್ನು ತೆಗೆದುಕೊಂಡರೆ 750 ಪಾಲು. ಒಂದು ಪಾಲಿಗೆ 150 ಗ್ರಾಂ ಶುದ್ಧ ಮೀನು ಅಂದರೆ 112.5 ಕಿಲೋ. ಇಡೀ ಮೀನಿನಿಂದ ಚರ್ಮ ಮುಳ್ಳು ತೆಗೆದ ತುಂಡು ಸಿಗುವುದು ಜಾತಿಗೆ ತಕ್ಕಂತೆ ಶೇ 40ರ ಆಸುಪಾಸು. ಶೇ 42 ಅಂದುಕೊಂಡರೆ 268 ಕಿಲೋ ಇಡೀ ಮೀನು ಬೇಕು. "ಬೆಳಗ್ಗೆ ದೋಣಿಯಿಂದ ನೇರ" ಎಂಬ ಮಾತು ಇಲ್ಲಿಗೆ ಮುಗಿಯಿತು. ರುಚಿನೋಟಕ್ಕೆ 40 ಗ್ರಾಂ ಸಾಕು ಎಂದು ಇಳಿಸಿದರೆ 30 ಕಿಲೋ ತುಂಡು, ಸುಮಾರು 71 ಕಿಲೋ ಇಡೀ ಮೀನು. ಇದು ಆಗುವ ಮಾತು. ಪೂರ್ತಿ ಊಟವಾಗಿ ಕೊಡುವ ಆಸೆ ಬಿಟ್ಟು ತುತ್ತಿನ ಲೆಕ್ಕದಲ್ಲಿ ಕೊಡಿ ಎಂದು ಹೇಳುವುದು ಅದಕ್ಕೇ.

ಹಸಿ ಮೀನು. ಹುಳಿ ಮೀನಿನ ಬಣ್ಣ ಬದಲಿಸುತ್ತದೆ, ಬೆಂದಂತೆ ಕಾಣಿಸುತ್ತದೆ, ಆದರೆ ಒಳಗಿನ ಪರಾವಲಂಬಿ ಹುಳುವನ್ನು ಕೊಲ್ಲುವುದಿಲ್ಲ. ಅದಕ್ಕೆ ಶೀತವೇ ಬೇಕು: ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ, ಅಥವಾ ಮೈನಸ್ 35ರಲ್ಲಿ ಗಟ್ಟಿಯಾಗುವವರೆಗೆ ಹೆಪ್ಪುಗಟ್ಟಿಸಿ ಅದೇ ಶೀತದಲ್ಲಿ 15 ಗಂಟೆ. ಸರಬರಾಜುದಾರರಿಂದ ಹಾಗೆ ಮಾಡಿದ ಪತ್ರ ಬರಬೇಕು. ಆ ಬಂದರಿನಲ್ಲಿ ಅಂಥ ಪತ್ರ ಕೊಡುವವರಿಲ್ಲದಿದ್ದರೆ ಅದೇ ಹುಳಿ, ಅದೇ ಮಸಾಲೆಯನ್ನು ಬೇಯಿಸಿದ ಮೀನಿಗೆ ಹಾಕಿ. ರುಚಿ ಪೂರ್ತಿ ಅದೇ ಅಲ್ಲ, ನಿಜ. ಚಿಪ್ಪಿನ ಪ್ರಾಣಿ ತರುವುದಾದರೆ ಚೀಲದ ಗುರುತುಚೀಟಿಯನ್ನು ಹಡಗಿನವರು 90 ದಿನ ಇಟ್ಟುಕೊಳ್ಳುತ್ತಾರೆ. ಚೀಟಿ ಇಲ್ಲದ ಚೀಲ ದಕ್ಕೆಯಿಂದಲೇ ವಾಪಸ್.

ಕರಿಯುವುದು. ಡೆಕ್ಕಿನ ಮೇಲೆ ಬಾಣಲೆ ಇಡುವುದು ಸಾಧ್ಯವಿಲ್ಲ. ಎಣ್ಣೆಯಲ್ಲಿ ಕರಿಯುವ ಉಪಕರಣಕ್ಕೆ ಸೋಲಾಸ್ (ಕಡಲಿನಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮದಲ್ಲಿ ಪ್ರತ್ಯೇಕ ಅಗ್ನಿಶಮನ ವ್ಯವಸ್ಥೆ, ಒಂದಕ್ಕೆ ಇನ್ನೊಂದು ಬೆಂಬಲವಾದ ಎರಡು ಥರ್ಮೋಸ್ಟಾಟ್, ಬೆಂಕಿ ಆರಿಸುವ ವ್ಯವಸ್ಥೆ ಚಾಲೂ ಆದಕೂಡಲೇ ವಿದ್ಯುತ್ ಕಡಿಯುವ ಏರ್ಪಾಡು, ಅಲಾರಂ ಎಲ್ಲ ಕಡ್ಡಾಯ. ಇಷ್ಟೆಲ್ಲ ಇರುವುದು ಗ್ಯಾಲಿಯ ಫ್ರೈಯರಿನಲ್ಲಿ ಮಾತ್ರ. ಅಲ್ಲಿ ಕರಿದು ಮೇಲೆ ಕಳಿಸಿದರೆ ಲಿಫ್ಟಿನಲ್ಲಿ ಬರುವಷ್ಟರಲ್ಲಿ ಹಬೆಗೆ ಮೆತ್ತಗಾಗುತ್ತದೆ. ಮುಚ್ಚಳ ಹಾಕಬೇಡಿ, ಜಾಲರಿ ತಟ್ಟೆಯಲ್ಲಿ ಒಂದೇ ಪದರ ಹರಡಿ, 15 ನಿಮಿಷಕ್ಕೊಮ್ಮೆ ಸಣ್ಣ ಸಣ್ಣ ಕಂತಿನಲ್ಲಿ ತರಿಸಿಕೊಳ್ಳಿ.

ತಾಸುಗಟ್ಟಲೆ ಬೇಯುವ ಮಾಂಸ ಈ ಮೂರರಲ್ಲಿ ಹಡಗಿಗೆ ಅತ್ಯಂತ ಒಗ್ಗುವಂಥದ್ದು, ಎಡವುವುದೂ ಇದರಲ್ಲೇ. ಹಿಂದಿನ ದಿನವೇ ಬೇಯಿಸುತ್ತಾರೆ. ಆಮೇಲೆ ತಣಿಸಬೇಕು: 57 ಡಿಗ್ರಿಯಿಂದ 21ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 5ಕ್ಕೆ ಮುಂದಿನ ನಾಲ್ಕು ಗಂಟೆಯೊಳಗೆ. ದೊಡ್ಡ ಪಾತ್ರೆಯಲ್ಲೇ ಬಿಟ್ಟರೆ ನಡುಭಾಗ ರಾತ್ರಿಯಿಡೀ ಬೆಚ್ಚಗಿದ್ದು ಬ್ಯಾಕ್ಟೀರಿಯಾ ಬೆಳೆಯುತ್ತದೆ, ಬೆಳಗ್ಗೆ ಥರ್ಮಾಮೀಟರು ನೋಡಿದವರು ಇಡೀ ಪಾತ್ರೆ ಚೆಲ್ಲಿಸುತ್ತಾರೆ. 5 ಸೆಂಟಿಮೀಟರ್ ಆಳದ ತಟ್ಟೆಗಳಿಗೆ ಹಂಚಿ ಬ್ಲಾಸ್ಟ್ ಚಿಲ್ಲರಿಗೆ (ಬೇಗ ತಣಿಸುವ ಯಂತ್ರಕ್ಕೆ) ಹಾಕಬೇಕು. ಮತ್ತೆ ಬಿಸಿ ಮಾಡುವಾಗ 74 ಡಿಗ್ರಿ ಮುಟ್ಟಿಸಿ, ಬಡಿಸುವ ತನಕ 57ಕ್ಕಿಂತ ಕೆಳಗೆ ಇಳಿಯದಂತೆ ನೋಡಬೇಕು. ನಿಮ್ಮ ತಿನಿಸು ಹೀಗೆ ತಣಿದು ಮತ್ತೆ ಕಾಯುವುದನ್ನು ತಾಳುತ್ತದೆಯೇ ಎಂದು ದಡದಲ್ಲೇ ಒಮ್ಮೆ ಮಾಡಿ ನೋಡಿ. ತೆಂಗಿನ ಹಾಲಿನ ಸಾರು ಒಡೆಯುತ್ತದೆ. ಹಾಲನ್ನು ಕೊನೆಯ ಬಿಸಿಯಲ್ಲಿ ಸೇರಿಸಲು ಪಾಕವಿಧಾನದಲ್ಲೇ ಬರೆಯಿರಿ.

ಪಾಕವಿಧಾನ ಹೇಗೆ ಬರೆಯಬೇಕು? ಹಿಡಿ, ಚಿಟಿಕೆ, ಕಣ್ಣಳತೆ ಬೇಡ. ಎಲ್ಲವೂ ಗ್ರಾಂ, 10 ಜನರಿಗೆ ಮತ್ತು 100 ಜನರಿಗೆ ಬೇರೆ ಬೇರೆ. ಹತ್ತರದ್ದನ್ನು ಹತ್ತರಿಂದ ಗುಣಿಸಿದರೆ ನೀರು ಹೆಚ್ಚಾಗುತ್ತದೆ: ದೊಡ್ಡ ಪಾತ್ರೆಯಲ್ಲಿ ಆವಿಯಾಗುವುದು ಕಡಿಮೆ. ಅದರ ಕೆಳಗೆ ಎರಡು ಸಾಲು ಇರಲಿ: ಇವನ್ನು ಬದಲಿಸಬಾರದು, ಇವನ್ನು ಬದಲಿಸಬಹುದು, ಇದರಿಂದ. ಇದನ್ನು ಬರೆಯದಿದ್ದರೆ ಗ್ಯಾಲಿಯಲ್ಲಿ ಸಿಗದ ಹುಳಿಗೆ ನಿಂಬೆ, ಸಿಗದ ಮೆಣಸಿಗೆ ಪ್ಯಾಪ್ರಿಕಾ, ಸಿಗದ ಬೆಲ್ಲಕ್ಕೆ ಕಂದು ಸಕ್ಕರೆ ಬೀಳುತ್ತದೆ. ಕೊನೆಗೆ ಬರುವುದು ಎಲ್ಲ ಹಡಗಿನಲ್ಲೂ ಸಿಗುವ ಅದೇ ಕೆಂಪು ಸಾರು, ಚೀಟಿಯಲ್ಲಿ ಮಾತ್ರ ನಿಮ್ಮ ತಿನಿಸಿನ ಹೆಸರು.

ಅಲರ್ಜಿ ಪಟ್ಟಿ ಮರೆಯಬೇಡಿ. ಯೂರೋಪಿನ ನಿಯಮದಲ್ಲಿ 14 ವಸ್ತುಗಳು, ಅಮೆರಿಕದಲ್ಲಿ 9 (ಎಳ್ಳು 2023ರ ಜನವರಿ 1ರಿಂದ ಸೇರಿತು). ತಪ್ಪುವುದು ಕಣ್ಣಿಗೆ ಕಾಣುವ ಕಡಲೆಕಾಯಿಯಲ್ಲಲ್ಲ. ಮಸಾಲೆ ಪುಡಿಯೊಳಗಿನ ಎಳ್ಳು, ಸಾರಿನ ತಳದಲ್ಲಿರುವ ಒಣಸಿಗಡಿ ಇಂಥವುಗಳಲ್ಲಿ.

ದಕ್ಕೆಮನೆ

ಎಲ್ಲರಿಗೂ ಧನ್ಯವಾದ. ಎರಡು ಸಂದೇಹ. ಮಣ್ಣಿನ ಪಾತ್ರೆಯನ್ನು ಬಡಿಸಲಿಕ್ಕಾದರೂ ಬಳಸಬಹುದೇ? ಇನ್ನೊಂದು, ಎಲ್ಲರೂ ಒಂದೇ ಬೋಗುಣಿಯಿಂದ ಕುಡಿಯುವ ಸ್ವಾಗತದ ಕ್ರಮವಿದ್ದರೆ?

ಗ್ಯಾಲಿ ಲೆಕ್ಕ

ಮಣ್ಣಿನ ಪಾತ್ರೆ ಇಂಡಕ್ಷನ್ ಒಲೆಯ ಮೇಲೆ ಕಾಯುವುದೇ ಇಲ್ಲ, ತಳದಲ್ಲಿ ಕಬ್ಬಿಣ ಬೇಕು. ಮೆರುಗಿಲ್ಲದ ಮಣ್ಣು ಎಣ್ಣೆ, ನೀರು ಹೀರುತ್ತದೆ, ತೊಳೆಯುವ ಯಂತ್ರದಲ್ಲಿ ಶುದ್ಧವಾಗುವುದಿಲ್ಲ. ಮೆರುಗಿದ್ದರೆ ಅದರಲ್ಲಿ ಸೀಸವಿಲ್ಲವೆಂಬ ಪರೀಕ್ಷಾ ಪತ್ರ ಕೇಳುತ್ತಾರೆ, ಹುಳಿ ತಿನಿಸಿಗಂತೂ ಖಂಡಿತ. ಸುಲಭ ದಾರಿ: ಉಕ್ಕಿನ ಒಳಪಾತ್ರೆ, ಹೊರಗೆ ಮಣ್ಣಿನದ್ದು, ಆಹಾರ ಮಣ್ಣಿಗೆ ತಾಗದಂತೆ.

ಒಂದೇ ಬೋಗುಣಿ ಬೇಡವೇ ಬೇಡ. ವಾಂತಿಭೇದಿ ತರುವ ನೊರೋವೈರಸ್ ಹಡಗಿನ ದೊಡ್ಡ ಶತ್ರು. ಅಮೆರಿಕದ ಲೆಕ್ಕದಲ್ಲಿ ಪ್ರಯಾಣಿಕರಲ್ಲಿ ಅಥವಾ ಸಿಬ್ಬಂದಿಯಲ್ಲಿ ಶೇ 2ರಷ್ಟು ಜನರಿಗೆ ವಾಂತಿಭೇದಿಯಾದರೆ ವಿಶೇಷ ವರದಿ ಹೋಗಬೇಕು, ಶೇ 3 ಮುಟ್ಟಿದರೆ ಹಡಗಿನ ಹೆಸರೇ ಪ್ರಕಟವಾಗುತ್ತದೆ. ಹಿರಿಯರು ಬೋಗುಣಿಯಿಂದ ಸೌಟಿನಲ್ಲಿ ಎತ್ತಿ ಒಬ್ಬೊಬ್ಬರಿಗೂ ಬೇರೆ ಲೋಟಕ್ಕೆ ಹಾಕಲಿ. ಕ್ರಮದ ಹೃದಯ ಇರುವುದು ಕೊಡುವುದರಲ್ಲಿ. ಲೋಟ ಎಷ್ಟು ಎಂಬುದರಲ್ಲಲ್ಲ. ಹೊಟ್ಟೆಬೇನೆ ಎದ್ದಿರುವ ಯಾನದಲ್ಲಿ ಬಫೆಯ ಸ್ವಯಂಸೇವೆ ನಿಲ್ಲಿಸಿ ಸಿಬ್ಬಂದಿಯೇ ಬಡಿಸುತ್ತಾರೆ, ಆದ್ದರಿಂದ ನಿಮ್ಮ ಮೇಜಿಗೂ ಬಡಿಸುವವರು ಇಬ್ಬರು ಹೆಚ್ಚು ಬೇಕೆಂದು ಮೊದಲೇ ಹೇಳಿಡಿ.

ಕಡತ

ಗರಿ, ಚರ್ಮ, ಮರದ ಮಾತು ಯಾರೂ ಎತ್ತಲಿಲ್ಲ. ಹಡಗು ದಕ್ಕೆಯಲ್ಲಿದ್ದಾಗ ಬಂದು ಇಳಿಯುವ ತಂಡಕ್ಕೆ ಇದು ಸಣ್ಣ ವಿಷಯ. ಮುಂದಿನ ದೇಶಕ್ಕೆ ಹೋಗುವುದಾದರೆ ಇದೇ ದೊಡ್ಡದು.

ಯಾವ ಹಕ್ಕಿಯ ಗರಿ, ಯಾವ ಪ್ರಾಣಿಯ ಚರ್ಮ, ಯಾವ ಮರ ಎಂದು ಜಾತಿಯ ವೈಜ್ಞಾನಿಕ ಹೆಸರಿನೊಂದಿಗೆ ಪಟ್ಟಿ ಮಾಡಿ. ಸೈಟಿಸ್ (ಅಳಿವಿನ ಭಯವಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದ್ದರೆ ಪರವಾನಗಿಯಿಲ್ಲದೆ ಗಡಿ ದಾಟುವ ಹಾಗಿಲ್ಲ. ವಾದ್ಯಗಳಿಗೆ ಹಲವು ಬಾರಿ ಗಡಿ ದಾಟಲು ಬರುವ ವಿಶೇಷ ಪ್ರಮಾಣಪತ್ರವಿದೆ, ವಾದ್ಯಕ್ಕೊಂದರಂತೆ. ದಂತ, ಆಮೆಚಿಪ್ಪು ಇರುವ ಹಳೆಯ ವಾದ್ಯವನ್ನು ಮನೆಯಲ್ಲೇ ಬಿಡಿ. ಒಣಹುಲ್ಲು, ಬೀಜದ ಸರ, ಹಸಿ ಎಲೆ ಇವು ಸಸ್ಯ ಸಂಗರೋಧದ (ಕ್ವಾರಂಟೀನ್) ಕಣ್ಣಿಗೆ ಬೀಳುತ್ತವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಇದರಲ್ಲಿ ಬಹಳ ಕಟ್ಟುನಿಟ್ಟು. ಘೋಷಿಸಿದರೆ ಹೆಚ್ಚೆಂದರೆ ಹಡಗಿನಲ್ಲೇ ಮುದ್ರೆ ಹಾಕಿಡುತ್ತಾರೆ, ಮುಚ್ಚಿಟ್ಟರೆ ದಂಡ.

ವಾದ್ಯ, ವೇಷ ತಾತ್ಕಾಲಿಕವಾಗಿ ಬೇರೆ ದೇಶಕ್ಕೆ ಹೋಗಿಬರಲು ಎಟಿಎ ಕಾರ್ನೆ (ಸುಂಕ ಕಟ್ಟದೆ ಸಾಮಾನು ಒಯ್ದು ತರುವ ಪತ್ರ) ಉಪಯುಕ್ತ, ಒಂದು ವರ್ಷದವರೆಗೆ ನಡೆಯುತ್ತದೆ. ಪಟ್ಟಿಯಲ್ಲಿದ್ದ ಒಂದು ಕೋಲು ವಾಪಸು ಬಾರದಿದ್ದರೂ ಸುಂಕ ಕೇಳುತ್ತಾರೆ. ಆದ್ದರಿಂದ ಹಂಚಿಬಿಡುವ, ಸವೆದು ಹೋಗುವ ವಸ್ತುವನ್ನು ಅದರಲ್ಲಿ ಬರೆಯಬೇಡಿ. ಸಾಮಾನು ತುಂಬಲು ಹಸಿ ಮರದ ಪೆಟ್ಟಿಗೆ ಬೇಡ: ಮರದ ಪೆಟ್ಟಿಗೆಗೆ ತಿರುಳಿನವರೆಗೆ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ ಅಂತರರಾಷ್ಟ್ರೀಯ ಮುದ್ರೆ ಬೇಕಾಗುತ್ತದೆ. ಪ್ಲೈವುಡ್ ಅಥವಾ ಲೋಹದ ಪೆಟ್ಟಿಗೆ ತೊಗೊಳ್ಳಿ, ತಲೆನೋವಿಲ್ಲ.

ಕುಶಲಕರ್ಮಿಗಳ ಮಾರಾಟ. ದಕ್ಕೆಯಲ್ಲಿ ನಿಂತ ಹಡಗಿನ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುವುದು ಸುಂಕದ ಕಾರಣಕ್ಕೆ. ಹೊರಗಿನವರು ಒಳಗೆ ಬಂದು ಮಾರಿದರೆ ಸುಂಕ, ತೆರಿಗೆ, ಹಡಗಿನ ಅಂಗಡಿ ನಡೆಸುವ ಗುತ್ತಿಗೆದಾರರ ಹಕ್ಕು ಮೂರೂ ಅಡ್ಡ ಬರುತ್ತವೆ. ಹಡಗಿನ ಮೇಲೆ ಕೆಲಸ ತೋರಿಸಿ, ಪ್ರಯಾಣಿಕರ ಕೈಯಲ್ಲೂ ಮಾಡಿಸಿ. ಮಾರಾಟವನ್ನು ಗ್ಯಾಂಗ್‌ವೇ ಕೆಳಗೆ ದಕ್ಕೆಯ ಮಳಿಗೆಯಲ್ಲಿಡಿ. ಇಳಿಯುವವರೂ ಹತ್ತುವವರೂ ಅಲ್ಲೇ ಹಾಯುತ್ತಾರೆ. ಉಳಿ, ಸೂಜಿ, ಕತ್ತರಿ ಎಣಿಸಿ ಒಳಗೆ ಒಯ್ದು ಎಣಿಸಿ ಹೊರಗೆ ತನ್ನಿ.

ಹಾಡು, ಕುಣಿತದ ಹಕ್ಕು: ಜನಪದವೆಂದು ಎಲ್ಲವೂ ಬಿಟ್ಟಿ ಅಲ್ಲ. ಹಳೆಯ ಹಾಡಿಗೆ ಹೊಸಬರು ಕೂಡಿಸಿದ ವಾದ್ಯಸಂಯೋಜನೆಗೆ ಹಕ್ಕಿರುತ್ತದೆ. ನ್ಯೂಜಿಲೆಂಡಿನಲ್ಲಿ 'ಕಾ ಮಾತೆ' ಎಂಬ ಹಾಕಾಕ್ಕೆ (ಮಾವೊರಿ ಜನರ ಕುಣಿತಕ್ಕೆ) 2014ರಲ್ಲಿ ಕಾನೂನೇ ಬಂದಿದೆ. ವೇದಿಕೆಯ ಮೇಲೆ ಕುಣಿಯಲು ಅದು ಅಡ್ಡಿಯಲ್ಲ, ಆದರೆ ವಾಣಿಜ್ಯ ಪ್ರಕಟಣೆಯಲ್ಲಿ, ಚಿತ್ರದಲ್ಲಿ ಬಳಸಿದರೆ ಅದನ್ನು ರಚಿಸಿದವರು ನ್ಗಾತಿ ತೋವಾ ರಂಗತಿರ ಸಮುದಾಯದ ನಾಯಕ ತೆ ರೌಪರಾಹ ಎಂದು ಹೇಳಬೇಕು. ಹಡಗಿನವರು ಪ್ರದರ್ಶನವನ್ನು ಚಿತ್ರೀಕರಿಸಿ ಜಾಹೀರಾತಿಗೆ ಬಳಸುವುದು ಮಾಮೂಲು. ಪ್ರದರ್ಶನದ ಸಂಭಾವನೆಯಲ್ಲಿ ಚಿತ್ರೀಕರಣದ ಹಕ್ಕು ಸೇರಿಲ್ಲವೆಂದು ಒಂದು ಸಾಲು ಬರೆದಿಡಿ. ಕ್ಯಾಬಿನ್ ಟೀವಿಯಲ್ಲಿ ಮರುಪ್ರಸಾರವೂ ಬೇರೆ ಹಕ್ಕೇ.

ಹೊಸೆದ ಹಗ್ಗ

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಪ್ರಶ್ನೆಯ ಬುಡವನ್ನೇ ಒಂದಿಷ್ಟು ಅಲ್ಲಾಡಿಸಬೇಕು ಅನ್ನಿಸುತ್ತದೆ. 14 ಜನ, ಮೂರು ಒಲೆ, ನಾಲ್ಕು ಮಳಿಗೆ, ಮುಕ್ಕಾಲು ಗಂಟೆ. ಮೂಗಿಗಿಂತ ಮೂಗುತಿ ಭಾರ. ಬಂದರಿನಲ್ಲಿ ಇಳಿದು ನೋಡಬಹುದಾದದ್ದನ್ನೇ ಹಡಗಿನೊಳಗೆ ಕುಗ್ಗಿಸಿ ತೋರಿಸುವುದೇಕೆ? ಹಡಗಿಗೆ ತರಬೇಕಾದದ್ದು ಇಳಿದು ನೋಡುವುದನ್ನು ಅರ್ಥ ಮಾಡಿಸುವ ಜನರನ್ನು.

ಅಲಾಸ್ಕಾದ ಗ್ಲೇಸಿಯರ್ ಬೇ ನೋಡಿ. ದಿನಕ್ಕೆ ಎರಡೇ ಕ್ರೂಸ್ ಹಡಗಿಗೆ ಅನುಮತಿ, ಯಾರೂ ದಡಕ್ಕೆ ಇಳಿಯುವುದಿಲ್ಲ. ಬದಲಿಗೆ ರಾಷ್ಟ್ರೀಯ ಉದ್ಯಾನದ ರೇಂಜರುಗಳು ಬೆಳಗ್ಗೆ ಸಣ್ಣ ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ, ದಿನವಿಡೀ ಹೇಳುತ್ತಾರೆ. ಆ ಕೊಲ್ಲಿಯನ್ನು ತಮ್ಮ ಪೂರ್ವಜರ ನೆಲವೆನ್ನುವ ಹೂನಾ ಟ್ಲಿಂಗಿಟ್ ಸಮುದಾಯದವರೂ ಹತ್ತಿ ತಮ್ಮ ಕಥೆ ತಾವೇ ಹೇಳುವುದುಂಟು. ವೇದಿಕೆಗೆ ಬೇಕಾದದ್ದು ಒಂದು ಮೈಕು. ತಾಹಿತಿಯ ಸುತ್ತ ಓಡುವ ಪೌಲ್ ಗೊಗ್ಯಾಂ ಹಡಗು ಇನ್ನೊಂದು ದಾರಿ ಹಿಡಿದಿದೆ: ಪಾಲಿನೇಷ್ಯಾದ ಹಾಡುಗಾರರು, ಕುಣಿಯುವವರು ಹಡಗಿನಲ್ಲೇ ಇದ್ದು ಹಗಲು ಹೆಣಿಗೆ, ಕುಣಿತ ಕಲಿಸಿ ಸಂಜೆ ಹಾಡುತ್ತಾರೆ. ಎರಡರಲ್ಲೂ ಪ್ರದರ್ಶನಕ್ಕಿಂತ ಒಡನಾಟ ಹೆಚ್ಚು.

ನಿಮ್ಮ ಹಡಗಿಗೆ ಹೀಗೆ ಮಾಡಬಹುದು: ಹಿಂದಿನ ಬಂದರಿನಲ್ಲೇ ಇಬ್ಬರು ಹತ್ತಲಿ. ಕಡಲಿನ ದಿನ 40 ನಿಮಿಷದ ಮಾತು, ಆಮೇಲೆ 20 ಜನರ ಗುಂಪಿಗೆ ಒಂದು ವಾದ್ಯದ ಪಾಠ, ಗ್ಯಾಲಿಯವರಿಗೆ ಒಂದು ತಿನಿಸಿನ ಪಾಠ. ಬಂದರಿನ ದಿನ 14ರ ಬದಲು 8 ಜನರ ತಂಡ, 45 ನಿಮಿಷ. ಮಾತು ಕೇಳಿದವರು ಪ್ರದರ್ಶನಕ್ಕೆ ಬರುತ್ತಾರೆ, ಏನು ನೋಡುತ್ತಿದ್ದೇವೆಂದು ಗೊತ್ತಿದ್ದು ನೋಡುತ್ತಾರೆ.

ಮೊಟಕು ಮಾಡುವುದರ ಬಗ್ಗೆ ಒಂದು ಮಾತು. 90 ನಿಮಿಷದ್ದನ್ನು 45ಕ್ಕೆ ತರುವಾಗ ಎಲ್ಲವನ್ನೂ ಅರ್ಧರ್ಧ ಕತ್ತರಿಸಬೇಡಿ. ಆರಾಧನೆಗೆ ಸೇರಿದ ಭಾಗವಿದ್ದರೆ ಅದನ್ನು ಪೂರ್ತಿ ತೆಗೆದುಬಿಡಿ. ಮನರಂಜನೆಗಾಗಿ ಅದರ ತುಣುಕು ತೋರಿಸುವುದಕ್ಕಿಂತ ತೋರಿಸದಿರುವುದೇ ಲೇಸು. ಯಾವ ಭಾಗ ಅಂಥದ್ದು ಎಂದು ಹೇಳಬೇಕಾದವರು ಸಮುದಾಯದ ಹಿರಿಯರು, ಮನರಂಜನಾ ನಿರ್ದೇಶಕರಲ್ಲ. ಉಳಿದದ್ದರಲ್ಲಿ ಮೂರು ಭಾಗ ಆರಿಸಿ ಪೂರ್ತಿಯಾಗಿ ಮಾಡಿ. ನಿಧಾನದ ಒಂದು ಭಾಗ ಇರಲೇಬೇಕು. ಹಡಗಿನವರು ಮೊದಲು ಕತ್ತರಿಸಹೊರಡುವುದು ಅದನ್ನೇ, ಬೇಸರ ಬರುತ್ತದೆಂದು. ಅದಿಲ್ಲದೆ ಉಳಿದ ಎರಡರ ಬಿರುಸು ಬರೀ ಗದ್ದಲವಾಗುತ್ತದೆ.

ಗ್ಯಾಂಗ್‌ವೇ

ಹೊಸೆದ ಹಗ್ಗ ಹೇಳಿದ ಇಬ್ಬರ ಯೋಜನೆ ನನಗೂ ಒಪ್ಪಿಗೆ, ಆದರೆ ಆ ಇಬ್ಬರ ವೀಸಾ, ವಾಪಸು ಬರುವ ಖರ್ಚು ಯಾರದ್ದೆಂದು ಮೊದಲು ಬರೆಸಿಕೊಳ್ಳಿ.

ರದ್ದತಿಯನ್ನೂ ಬರೆಸಿಕೊಳ್ಳಿ. ಗಾಳಿ ಹೆಚ್ಚಾದರೆ ಕ್ಯಾಪ್ಟನ್ ಬಂದರನ್ನೇ ಬಿಟ್ಟು ಮುಂದೆ ಹೋಗುತ್ತಾರೆ, ಅದು ಅವರ ಹಕ್ಕು, ತಪ್ಪಲ್ಲ. ಆದರೆ ಅಷ್ಟರಲ್ಲಿ ಬಸ್ಸು ಗೊತ್ತು ಮಾಡಿಯಾಗಿರುತ್ತದೆ, ಮೀನು ಕೊಂಡಾಗಿರುತ್ತದೆ, 14 ಜನರ ಆ ದಿನದ ಕೂಲಿ ಹೋಗಿರುತ್ತದೆ. 72 ಗಂಟೆಯೊಳಗೆ ರದ್ದಾದರೆ ಸಂಭಾವನೆಯಲ್ಲಿ ಎಷ್ಟು ಪಾಲು, 24 ಗಂಟೆಯೊಳಗೆ ಎಷ್ಟು, ಗೇಟಿಗೆ ಬಂದ ಮೇಲೆ ಎಷ್ಟು ಎಂದು ಮೂರು ಮೆಟ್ಟಿಲು ಹಾಕಿ. ಮೀನು, ಮಾಂಸವನ್ನು ನೀವು ಕೊಂಡು ಕೊಡುವ ಉಸಾಬರಿ ಬೇಡ, ಹಡಗಿನ ಏಜೆಂಟರೇ ನೇರ ಕೊಳ್ಳಲಿ.

ಇನ್ನೊಂದು ಸಣ್ಣದು: ತಂಡದ ಊಟ ಸಿಬ್ಬಂದಿಯ ಊಟದ ಮನೆಯಲ್ಲಿ ಎಷ್ಟು ಗಂಟೆಗೆ ಎಂದು ಕೇಳಿ. 12:15ಕ್ಕೆ ಗೇಟಿಗೆ ಬಂದವರು 1 ಗಂಟೆಗೆ ಹತ್ತುತ್ತಾರೆ, ಅಷ್ಟರಲ್ಲಿ ಮಧ್ಯಾಹ್ನದ ಊಟ ಮುಚ್ಚುವ ಹೊತ್ತು. ಹೊರಗಿನ ಊಟದ ಡಬ್ಬಿ ಒಳಗೆ ಬಿಡುವುದಿಲ್ಲ.